ಹಬ್ಬಕ್ಕೆ ಕೊಡುವ ಅಲಂಕಾರದ ಸಾಬೂನು: ನೋಡಲೂ ಚೆಂದ, ಬಳಸಲೂ ಚೆಂದ ಆಗುವುದು ಹೇಗೆ?

ತಿಳಿನೊರೆ:
ಹಬ್ಬಕ್ಕೆ ಇನ್ನೂ ಎರಡು ತಿಂಗಳ ಮೇಲೆ ಸಮಯವಿದೆ. ಈ ಬಾರಿ ನೆಂಟರಿಗೂ ನೆರೆಹೊರೆಯವರಿಗೂ ಕೊಡಲು ಮನೆಯಲ್ಲೇ ಸಾಬೂನು ಮಾಡಬೇಕೆಂದು ನಿರ್ಧರಿಸಿದ್ದೇನೆ. ಮನಸ್ಸಿನಲ್ಲಿ ಮೂರು ಬಗೆಗಳಿವೆ. ಮೊದಲನೆಯದು ಆಚೆ ಬದಿ ಕಾಣುವಷ್ಟು ತಿಳಿಯಾದ ಬಿಲ್ಲೆ, ಅದರ ನಡುವೆ ಒಂದು ಬಿಳಿ ನಕ್ಷತ್ರ. ಎರಡನೆಯದು ಕೆಂಪು, ಬಿಳಿ, ಹಸಿರು ಪದರಗಳು ಒಂದರ ಮೇಲೊಂದು ಕೂತಿರುವಂಥದ್ದು. ಮೂರನೆಯದು ಮೇಲ್ಭಾಗದಲ್ಲಿ ಒಣಗಿದ ಗುಲಾಬಿ ದಳಗಳನ್ನು ಉದುರಿಸಿದ್ದು.

ನನ್ನದು ಒಂದೇ ಷರತ್ತು. ಗಾಜಿನ ಕಪಾಟಿನಲ್ಲಿ ಕೂತು ದೂಳು ಹಿಡಿಯುವ ಸಾಬೂನು ನನಗೆ ಬೇಡ. ಪಡೆದವರು ಮರುದಿನವೇ ಬಚ್ಚಲಿಗೆ ಒಯ್ಯಬೇಕು, ಕೊನೆಯ ಚೂರಿನವರೆಗೂ ಬಳಸಬೇಕು. ಅಲಂಕಾರ ಕೈಗೆ ಚುಚ್ಚಬಾರದು, ಚರ್ಮಕ್ಕೆ ಉರಿ ತರಬಾರದು, ನೀರು ಸೋಕಿದ ಕೂಡಲೇ ಪದರ ಕಳಚಿ ಬೀಳಬಾರದು.

ಕರಗಿಸಿ ಸುರಿಯಲು ಸಿದ್ಧವಾಗಿ ಸಿಗುವ ಮೆಲ್ಟ್ ಆಂಡ್ ಪೋರ್ ಬೇಸ್ ತರಲೋ, ಎಣ್ಣೆ ಮತ್ತು ಕಾಸ್ಟಿಕ್ ಸೋಡಾದಿಂದ ಮೊದಲಿಂದ ಮಾಡಲೋ? ಪದರಗಳು ಅಂಟಿಕೊಳ್ಳುವುದಕ್ಕೆ ಏನು ಮಾಡಬೇಕು? ಅನುಭವ ಇರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಅಚ್ಚುಮನೆ:
ನಿಮ್ಮ ಮೊದಲ ಎರಡು ಬಗೆಗಳಿಗೆ ಮೆಲ್ಟ್ ಆಂಡ್ ಪೋರ್ ಬೇಸ್ ಹೇಳಿ ಮಾಡಿಸಿದಂತಿದೆ. ಅದರಲ್ಲಿ ಎಣ್ಣೆ ಸಾಬೂನಾಗುವ ಕ್ರಿಯೆ ಆಗಲೇ ಮುಗಿದಿರುತ್ತದೆ. ನಮಗೆ ಉಳಿಯುವುದು ಕರಗಿಸುವುದು, ಬಣ್ಣ ಮತ್ತು ಪರಿಮಳ ಬೆರೆಸುವುದು, ಅಚ್ಚಿಗೆ ಸುರಿಯುವುದು. ತಿಳಿ ಬಿಲ್ಲೆಗೆ ಪಾರದರ್ಶಕ ಬೇಸ್, ನಕ್ಷತ್ರಕ್ಕೆ ಬಿಳಿ ಬೇಸ್ ಎಂದು ಎರಡೂ ಬಗೆಯನ್ನು ತರಿಸಿಕೊಳ್ಳಿ.

ಬೇಸನ್ನು ಸಣ್ಣ ಸಣ್ಣ ತುಂಡು ಮಾಡಿ ಡಬಲ್ ಬಾಯ್ಲರಿನಲ್ಲಿ, ಅಂದರೆ ಬಿಸಿನೀರಿನ ಪಾತ್ರೆಯ ಮೇಲೆ ಕೂರಿಸಿದ ಇನ್ನೊಂದು ಪಾತ್ರೆಯಲ್ಲಿ, ಕರಗಿಸಿ, ಮೇಲೊಂದು ಮುಚ್ಚಳವಿರಲಿ. ಮುಚ್ಚದಿದ್ದರೆ ಅದರಲ್ಲಿರುವ ನೀರು ಆವಿಯಾಗಿ ಬೇಸ್ ಗಟ್ಟಿ, ಜಿಗುಟು ಆಗುತ್ತದೆ. ಅಡುಗೆಯ ಥರ್ಮಾಮೀಟರ್ ಒಂದಿದ್ದರೆ ಅರ್ಧ ಕೆಲಸ ಸುಲಭ. 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೇಸ್ ಚೆನ್ನಾಗಿ ಕರಗುತ್ತದೆ. 70 ದಾಟಲು ಬಿಡಬೇಡಿ; ಹಳದಿಗೆ ತಿರುಗಿ, ವಾಸನೆ ಬಂದು, ಪಾರದರ್ಶಕತೆಯೂ ಹೋಗುತ್ತದೆ. ಕಲಕುವಾಗ ಚಮಚವನ್ನು ಮೇಲೆತ್ತದೆ ನಿಧಾನವಾಗಿ ತಿರುಗಿಸಿ. ಜೋರಾಗಿ ಕಡೆದರೆ ಸೇರಿಕೊಳ್ಳುವ ಗುಳ್ಳೆಗಳು ತಿಳಿ ಬಿಲ್ಲೆಯಲ್ಲಿ ಎದ್ದು ಕಾಣುತ್ತವೆ. ಆದರೂ ಮೇಲೆ ಗುಳ್ಳೆ ನಿಂತರೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ಸ್ಪ್ರೇ ಬಾಟಲಿಯಿಂದ ಒಮ್ಮೆ ಚಿಮುಕಿಸಿ, ತಕ್ಷಣ ಒಡೆಯುತ್ತವೆ. ಅದಕ್ಕೆ ಬೇಗ ಬೆಂಕಿ ಹತ್ತಿಕೊಳ್ಳುವುದರಿಂದ ಒಲೆ ಆರಿಸಿ, ದೂರ ಬಂದ ಮೇಲೆಯೇ ಚಿಮುಕಿಸಬೇಕು.

ಪದರಗಳ ಗುಟ್ಟು ಇರುವುದು ಹೊತ್ತು ನೋಡುವುದರಲ್ಲಿ. ಮೊದಲ ಪದರ ಸುರಿದ ಮೇಲೆ ಅಚ್ಚಿನ ಬಳಿಯೇ ನಿಂತಿರಿ. ಸ್ವಲ್ಪ ಹೊತ್ತಿಗೆ ಮೇಲೆ ಹಾಲಿನ ಕೆನೆಯಂತೆ ಚರ್ಮ ಕಟ್ಟುತ್ತದೆ. ಬೆರಳ ತುದಿಯಿಂದ ಮೆಲ್ಲಗೆ ಒತ್ತಿದಾಗ ಮೇಲ್ಮೈ ಹರಿಯದೆ ತಗ್ಗಿ ಮತ್ತೆ ಮೇಲೇಳಬೇಕು, ಒಳಗೆ ಇನ್ನೂ ಬಿಸಿ ಇರುವುದು ಬೆರಳಿಗೆ ಗೊತ್ತಾಗಬೇಕು. ಎರಡನೆಯ ಪದರಕ್ಕೆ ಸರಿಯಾದ ಕ್ಷಣ ಅದೇ. ಆಲ್ಕೊಹಾಲ್ ಚಿಮುಕಿಸಿ, 50 ಡಿಗ್ರಿಯ ಹತ್ತಿರಕ್ಕೆ ತಣಿದ ಬೇಸನ್ನು ಚಮಚದ ಬೆನ್ನ ಮೇಲೆ ಬೀಳುವಂತೆ ಸಣ್ಣ ಧಾರೆಯಲ್ಲಿ ಸುರಿಯಿರಿ. ನೇರವಾಗಿ ಎತ್ತರದಿಂದ ಸುರಿದರೆ ಧಾರೆ ಕೆಳಪದರವನ್ನು ಕೊರೆಯುತ್ತದೆ. ಕೆಳಪದರ ಪೂರ್ತಿ ತಣ್ಣಗಾಗಿ ಹೋಗಿದ್ದರೆ ಅದರ ಮೇಲೆ ಫೋರ್ಕಿನಿಂದ ತೆಳ್ಳಗೆ ಗೀರು ಎಳೆದು, ಆಲ್ಕೊಹಾಲ್ ಚಿಮುಕಿಸಿ ಸುರಿಯಬೇಕು. ಹಾಗೆ ಮಾಡದಿದ್ದರೆ ಮೂರು ಪದರಗಳೂ ಬಚ್ಚಲಲ್ಲಿ ಬೇರೆ ಬೇರೆ ಬಿಲ್ಲೆಗಳಾಗುತ್ತವೆ.

ನಕ್ಷತ್ರವನ್ನು ಹಿಂದಿನ ದಿನವೇ ಮಾಡಿಟ್ಟುಕೊಳ್ಳಿ. ಅಚ್ಚಿನಲ್ಲಿ ಅರ್ಧದಷ್ಟು ತಿಳಿ ಬೇಸ್ ಸುರಿದು, ಚರ್ಮ ಕಟ್ಟಿದ ಮೇಲೆ, ಎರಡೂ ಬದಿಗೆ ಆಲ್ಕೊಹಾಲ್ ಚಿಮುಕಿಸಿದ ನಕ್ಷತ್ರವನ್ನು ಇಟ್ಟು, ಉಳಿದ ಬೇಸನ್ನು ಮೇಲೆ ಸುರಿಯಿರಿ. ಸುರಿಯುವ ಬೇಸ್ 55 ಡಿಗ್ರಿಗಿಂತ ಬಿಸಿ ಇದ್ದರೆ ನಕ್ಷತ್ರದ ಚೂಪು ತುದಿಗಳು ಕರಗಿ ಮೊಂಡಾಗುತ್ತವೆ.

ರಸಾಯನ ಮೇಷ್ಟ್ರು:
ಅಚ್ಚುಮನೆಯವರು ಹೇಳಿದ್ದೆಲ್ಲ ಸರಿ. ಇದಕ್ಕೆ ಬೆವರುವ ವಿಷಯವನ್ನು ಸೇರಿಸಬೇಕು, ಏಕೆಂದರೆ ಉಡುಗೊರೆ ಕೆಡುವುದು ಬಹುಪಾಲು ಅಲ್ಲೇ. ಮೆಲ್ಟ್ ಆಂಡ್ ಪೋರ್ ಬೇಸಿನಲ್ಲಿ ಗ್ಲಿಸರಿನ್ ಧಾರಾಳವಾಗಿರುತ್ತದೆ. ಗ್ಲಿಸರಿನ್ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಬಿಲ್ಲೆಯನ್ನು ತೆರೆದಿಟ್ಟರೆ, ಅದರಲ್ಲೂ ಮಳೆಗಾಲದ ಗಾಳಿಯಲ್ಲಿ, ಮೇಲೆಲ್ಲ ಸಣ್ಣ ಸಣ್ಣ ಹನಿ ಕಟ್ಟುತ್ತದೆ. ಸಾಬೂನು ಕೆಟ್ಟಿತೆಂದು ಜನ ಎಸೆಯುತ್ತಾರೆ, ಆದರೆ ಅದು ಕೆಟ್ಟಿರುವುದಿಲ್ಲ. ಒಣ ಬಟ್ಟೆಯಿಂದ ಒರೆಸಿ, ಫ್ಯಾನಿನ ಕೆಳಗಿಟ್ಟು, ಗಾಳಿಯಾಡದಂತೆ ಸುತ್ತಿದರೆ ಸಾಕು.

ಬೇಗ ಗಟ್ಟಿಯಾಗಲೆಂದು ಫ್ರಿಜ್ಜಿನಲ್ಲಿಡುವ ಅಭ್ಯಾಸ ಹಲವರಿಗಿದೆ. ಹೊರಗೆ ತೆಗೆದ ಕೂಡಲೇ ತಣ್ಣನೆಯ ಬಿಲ್ಲೆಯ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ, ಬೆವರು ಇಮ್ಮಡಿಯಾಗುತ್ತದೆ. ಅಡುಗೆಮನೆಯ ಕಟ್ಟೆಯ ಮೇಲೆ ಕೆಲವು ಗಂಟೆ ಬಿಡುವುದೇ ಉತ್ತಮ.

ಪಾರದರ್ಶಕತೆಯ ಬಗ್ಗೆ ಒಂದು ಮಾತು. ಮಾಮೂಲಿ ಸಾಬೂನು ಗಟ್ಟಿಯಾಗುವಾಗ ಅದರೊಳಗೆ ಸಣ್ಣ ಹರಳುಗಳು ಹುಟ್ಟಿ ಬೆಳಕನ್ನು ಚದುರಿಸುತ್ತವೆ, ಆದ್ದರಿಂದ ಬಿಲ್ಲೆ ಅಪಾರದರ್ಶಕವಾಗಿ ಕಾಣುತ್ತದೆ. ಆಲ್ಕೊಹಾಲ್, ಸಕ್ಕರೆ, ಗ್ಲಿಸರಿನ್‌ಗಳನ್ನು ಸೇರಿಸಿದರೆ ಆ ಹರಳುಗಳು ದೊಡ್ಡದಾಗಲು ಆಗುವುದಿಲ್ಲ, ಬೆಳಕು ಹಾದುಹೋಗುತ್ತದೆ. ಲಂಡನ್ನಿನಲ್ಲಿ ಆಂಡ್ರ್ಯೂ ಪಿಯರ್ಸ್ 1807ರಲ್ಲಿ ಮಾರಾಟಕ್ಕೆ ತಂದ ಪಾರದರ್ಶಕ ಸಾಬೂನು ಈ ಜಾತಿಯಲ್ಲಿ ಹೆಸರು ಮಾಡಿದ್ದು. ಎರಡು ಶತಮಾನ ಕಳೆದರೂ ಜನರಿಗೆ ತಿಳಿ ಬಿಲ್ಲೆಯ ಮೋಹ ಹೋಗಿಲ್ಲ. ನನಗೂ ಅದೇ ಇಷ್ಟ.

ಗಾಣದೆಣ್ಣೆ:
ಎರಡು ತಿಂಗಳು ಕೈಯಲ್ಲಿರುವಾಗ ಬರೀ ಬೇಸಿನಲ್ಲಿ ನಿಲ್ಲುವುದೇಕೆ? ಎಣ್ಣೆಯಿಂದಲೇ ಸಾಬೂನು ಮಾಡುವ ಕೋಲ್ಡ್ ಪ್ರೋಸೆಸ್ ವಿಧಾನಕ್ಕೆ ಬೇಕಾದ ಸಮಯ ನಿಮಗೆ ಇದೆ. ನೊರೆ, ಮೃದುತನ, ಬಾಳಿಕೆ ಮೂರರಲ್ಲೂ ನನ್ನ ಮತ ಅದಕ್ಕೇ. ಬೇಸಿನಲ್ಲಿ ಯಾವ ಎಣ್ಣೆ ಎಷ್ಟಿರಬೇಕೆಂದು ಬೇರೆ ಯಾರೋ ತೀರ್ಮಾನಿಸಿರುತ್ತಾರೆ. ಇಲ್ಲಿ ಅದು ನಮ್ಮ ಕೈಯಲ್ಲಿರುತ್ತದೆ, ಆ ಸ್ವಾತಂತ್ರ್ಯದ ಸುಖವೇ ಬೇರೆ.

ಒಂದು ಲೆಕ್ಕ ಕೊಡುತ್ತೇನೆ. ಒಟ್ಟು 500 ಗ್ರಾಂ ಎಣ್ಣೆ: ಆಲಿವ್ ಎಣ್ಣೆ 325 ಗ್ರಾಂ, ಕೊಬ್ಬರಿ ಎಣ್ಣೆ 150 ಗ್ರಾಂ, ಹರಳೆಣ್ಣೆ 25 ಗ್ರಾಂ. ಕೊಬ್ಬರಿ ಎಣ್ಣೆ ಬಿಲ್ಲೆಗೆ ಗಟ್ಟಿತನವನ್ನೂ ದೊಡ್ಡ ನೊರೆಯನ್ನೂ ಕೊಡುತ್ತದೆ. ಪ್ರಮಾಣ ಬಹಳ ಹೆಚ್ಚಾದರೆ ಚರ್ಮ ಒಣಗುತ್ತದೆ. ಆಲಿವ್ ಎಣ್ಣೆ ಮೃದುತನಕ್ಕೆ, ಹರಳೆಣ್ಣೆ ನೊರೆ ಹೆಚ್ಚು ಹೊತ್ತು ನಿಲ್ಲುವುದಕ್ಕೆ. ಒಂದು ಗ್ರಾಂ ಎಣ್ಣೆ ಸಾಬೂನಾಗಲು ಇಂತಿಷ್ಟು ಕಾಸ್ಟಿಕ್ ಸೋಡಾ ಬೇಕೆಂಬ ಗುಣಾಂಕ ಪ್ರತಿ ಎಣ್ಣೆಗೂ ಬೇರೆ. ಆಲಿವ್‌ಗೆ ಸುಮಾರು 0.135, ಕೊಬ್ಬರಿಗೆ 0.183, ಹರಳೆಣ್ಣೆಗೆ 0.128. ಗುಣಿಸಿ ಕೂಡಿದರೆ 74.5 ಗ್ರಾಂ ಬರುತ್ತದೆ. ಅದರಲ್ಲಿ ನೂರಕ್ಕೆ ಐದು ಭಾಗ ಕಳೆಯಬೇಕು. ಆಗ ಸ್ವಲ್ಪ ಎಣ್ಣೆ ಎಣ್ಣೆಯಾಗಿಯೇ ಉಳಿದು ಚರ್ಮವನ್ನು ಕಾಯುತ್ತದೆ. ಇದನ್ನೇ ಸೂಪರ್‌ಫ್ಯಾಟ್ ಎನ್ನುವುದು. ಉಳಿಯುವುದು 70.8 ಗ್ರಾಂ. ನಿಮ್ಮ ತಕ್ಕಡಿ ಪೂರ್ಣ ಗ್ರಾಂ ಮಾತ್ರ ತೋರಿಸುವುದಾದರೆ 70 ಎಂದೇ ಇಟ್ಟುಕೊಳ್ಳಿ, 71ಕ್ಕೆ ಏರಿಸಬೇಡಿ. ನೀರು ಸೋಡಾದ ಎರಡರಷ್ಟು, ಅಂದರೆ 140 ಗ್ರಾಂ ಆಸುಪಾಸು. ಎಣ್ಣೆ ಬದಲಾಯಿಸಿದರೆ ಈ ಲೆಕ್ಕವೂ ಬದಲಾಗುತ್ತದೆ. ಅಂತರ್ಜಾಲದಲ್ಲಿ ಸಿಗುವ ಲೈ (ಅಂದರೆ ಕಾಸ್ಟಿಕ್ ಸೋಡಾ) ಕ್ಯಾಲ್ಕುಲೇಟರಿನಲ್ಲಿ ಪ್ರತಿ ಸಲವೂ ಹಾಕಿ ನೋಡಿಯೇ ಶುರುಮಾಡಿ. ನೀರನ್ನೂ ಸೇರಿಸಿ ಎಲ್ಲವನ್ನೂ ತೂಕದಲ್ಲಿ ಅಳೆಯಬೇಕು, ಲೋಟ ಚಮಚದ ಅಳತೆ ಇಲ್ಲಿ ನಡೆಯದು.

ನೀರಿನಲ್ಲಿ ಸೋಡಾ ಕರಗಿಸಿದ ದ್ರಾವಣವೂ ಎಣ್ಣೆಯೂ 40 ಡಿಗ್ರಿಯ ಹತ್ತಿರಕ್ಕೆ ಬಂದಾಗ ಬೆರೆಸಿ, ಹ್ಯಾಂಡ್ ಬ್ಲೆಂಡರನ್ನು ಬಿಟ್ಟು ಬಿಟ್ಟು ಓಡಿಸಿ. ಮೇಲಿಂದ ಸುರಿದ ಎಳೆ ಮುಳುಗದೆ ಒಂದು ಕ್ಷಣ ಗುರುತಾಗಿ ನಿಂತರೆ ಟ್ರೇಸ್ ಬಂದಿತು, ಅಂದರೆ ಎಣ್ಣೆಯೂ ದ್ರಾವಣವೂ ಸರಿಯಾಗಿ ಬೆರೆತವು. ಆಗ ಬಣ್ಣ, ಪರಿಮಳ, ನಂತರ ಅಚ್ಚು. ಆಲಿವ್ ಎಣ್ಣೆ ಹೆಚ್ಚಿರುವುದರಿಂದ ಅಚ್ಚಿನಿಂದ ಬಿಡಿಸಲು ಎರಡು ಮೂರು ದಿನ ಕಾಯಬೇಕಾದೀತು. ಆಮೇಲೆ ಗಾಳಿಯಾಡುವ ಕಡೆ, ಒಂದಕ್ಕೊಂದು ತಾಗದಂತೆ ಜೋಡಿಸಿ ಆರು ವಾರ ಇಡಿ. ನೀರಿನಂಶ ಆರಿ ಬಿಲ್ಲೆ ಗಟ್ಟಿಯಾಗುತ್ತದೆ, ನೊರೆಯೂ ಸುಧಾರಿಸುತ್ತದೆ. ಆದ್ದರಿಂದ ಈ ದಾರಿ ಹಿಡಿಯುವುದಾದರೆ ಇದೇ ವಾರ ಶುರುಮಾಡಬೇಕು.

ತಿಳಿನೊರೆ:
ಲೆಕ್ಕ ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಕಾಸ್ಟಿಕ್ ಸೋಡಾ ಎಂದರೆ ಸ್ವಲ್ಪ ಅಳುಕು, ಮನೆಯಲ್ಲಿ ಆರು ವರ್ಷದ ಮಗಳಿದ್ದಾಳೆ. ಅವಳಿಗೂ ಈ ಕೆಲಸದಲ್ಲಿ ಕೈ ಹಾಕುವ ಆಸೆ. ಸೋಡಾ ಇಲ್ಲದೆ ಕೋಲ್ಡ್ ಪ್ರೋಸೆಸ್ ಮಾಡಲು ಸಾಧ್ಯವೇ?

ರಸಾಯನ ಮೇಷ್ಟ್ರು:
ಸಾಧ್ಯವಿಲ್ಲ. ಎಣ್ಣೆಯೂ ಕ್ಷಾರವೂ ಸೇರಿದರೆ ಮಾತ್ರ ಸಾಬೂನು. ಸೋಡಾ ಇಲ್ಲದ ಸಾಬೂನು ಎಂದು ಹೇಳುವಲ್ಲೆಲ್ಲ ಬೇರೆಯವರು ಮುಂಚೆಯೇ ಆ ಕ್ರಿಯೆಯನ್ನು ಮುಗಿಸಿಟ್ಟಿರುತ್ತಾರೆ, ಅಷ್ಟೆ. ಕ್ರಿಯೆ ಪೂರ್ತಿಯಾದ ಮೇಲೆ, ಅಳತೆ ಸರಿಯಿದ್ದರೆ, ಬಿಲ್ಲೆಯಲ್ಲಿ ಸೋಡಾ ಉಳಿಯುವುದಿಲ್ಲ.

ಅಳುಕು ಇರುವುದು ಒಳ್ಳೆಯದೇ, ಆದರೆ ಅದು ಎಚ್ಚರಿಕೆಯಾಗಿ ಬದಲಾಗಬೇಕು. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾದ ಮೇಲೆ ಎಂದೂ ಸುರಿಯಬಾರದು. ಬೆರೆತ ಕೆಲವೇ ಕ್ಷಣಗಳಲ್ಲಿ ದ್ರಾವಣ 80 ಡಿಗ್ರಿ ದಾಟಬಹುದು, ಘಾಟು ಆವಿ ಏಳುತ್ತದೆ. ಕಿಟಕಿ ತೆರೆದು, ಮುಖ ದೂರವಿಟ್ಟು ಕಲಕಿ. ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕ, ಕೈಗೆ ಉದ್ದನೆಯ ಕೈಗವಸು, ತುಂಬುತೋಳಿನ ಬಟ್ಟೆ, ಕಾಲು ಮುಚ್ಚುವ ಚಪ್ಪಲಿ ಇರಲಿ. ಪಾತ್ರೆ ಸ್ಟೇನ್‌ಲೆಸ್ ಸ್ಟೀಲಿನದಾಗಲಿ ಅಥವಾ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನದಾಗಲಿ. ಅಲ್ಯೂಮಿನಿಯಂ ಹತ್ತಿರವೂ ಬರಬಾರದು. ಸೋಡಾ ಅದನ್ನು ತಿಂದು, ಉರಿಯುವ ಹೈಡ್ರೋಜನ್ ಅನಿಲ ಹೊರಡಿಸುತ್ತದೆ. ಗಾಜಿನ ಪಾತ್ರೆ ಬಿಸಿಯ ಏರಿಳಿತಕ್ಕೆ ಸಿಡಿಯಬಹುದು.

ಮೈಮೇಲೆ ಹನಿ ಬಿದ್ದರೆ ವಿನೆಗರ್ ಹುಡುಕುತ್ತಾ ಹೊತ್ತು ಕಳೆಯಬೇಡಿ. ಹರಿಯುವ ನೀರಿನ ಕೆಳಗೆ ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದೆ ಹಿಡಿಯಿರಿ. ಕಣ್ಣಿಗೆ ಬಿದ್ದರೆ ಹಾಗೆಯೇ ತೊಳೆಯುತ್ತಾ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಇನ್ನು ಮಗಳ ವಿಷಯ. ಸೋಡಾದ ಕೆಲಸ ಅವಳು ಮನೆಯಲ್ಲಿ ಇಲ್ಲದಾಗ ನಡೆಯಲಿ, ಡಬ್ಬಿ ಬೀಗದೊಳಗಿರಲಿ, ಅದರ ಮೇಲೆ ದೊಡ್ಡದಾಗಿ ವಿಷ ಎಂದು ಬರೆದಿರಲಿ. ಬೇಸಿನ ಕೆಲಸದಲ್ಲಿ ಅವಳನ್ನು ಖಂಡಿತ ಸೇರಿಸಿಕೊಳ್ಳಿ. ಅಚ್ಚು ಆಯುವುದು, ನಕ್ಷತ್ರ ಜೋಡಿಸುವುದು, ಗಟ್ಟಿಯಾದ ಬಿಲ್ಲೆಯನ್ನು ಅಚ್ಚಿನಿಂದ ಬಿಡಿಸುವುದು ಅವಳ ಪಾಲಿಗಿರಲಿ. ಬಿಸಿ ಬೇಸನ್ನು ಸುರಿಯುವುದು ಮಾತ್ರ ದೊಡ್ಡವರೇ ಮಾಡಬೇಕು, ಚರ್ಮದ ಮೇಲೆ ಬಿದ್ದರೆ ಅದು ಅಂಟಿಕೊಂಡು ಸುಡುತ್ತದೆ.

ತಿಳಿನೊರೆ:
ಹಾಗಿದ್ದರೆ ತೀರ್ಮಾನ ಆಯಿತು. ಈ ಸಲ ಬೇಸ್. ಬಣ್ಣ ಯಾವುದು ತರಲಿ? ಅಡುಗೆಮನೆಯಲ್ಲಿ ಕೇಕಿಗೆ ಹಾಕುವ ಬಣ್ಣ ಇದೆ, ಅದು ಸಾಕೇ?

ಬಣ್ಣದ ಬಟ್ಟಲು:
ಒಂದೇ ಬಣ್ಣದ ಬಿಲ್ಲೆಗಾದರೆ ತಿನಿಸಿನ ಬಣ್ಣ ನಡೆಯುತ್ತದೆ. ನಿಮ್ಮದು ಪದರ ಮತ್ತು ನಕ್ಷತ್ರ, ಅಲ್ಲಿ ಅದು ಬೇಡವೇ ಬೇಡ. ನೀರಿನಲ್ಲಿ ಕರಗುವ ಬಣ್ಣ ಬಿಲ್ಲೆಯೊಳಗೆ ಹರಿದಾಡುತ್ತಲೇ ಇರುತ್ತದೆ. ಮಾಡಿದ ದಿನ ಕೆಂಪು ಮತ್ತು ಬಿಳಿಯ ನಡುವೆ ಗೆರೆ ಎಳೆದಂತಿರುವುದು, ಕೆಲವು ವಾರಗಳಲ್ಲಿ ಬಿಳಿ ಪದರ ಗುಲಾಬಿಯಾಗಿ ನಿಲ್ಲುತ್ತದೆ. ಮೈಕಾ (ಅಭ್ರಕ) ಪುಡಿ, ಐರನ್ ಆಕ್ಸೈಡ್, ಅಲ್ಟ್ರಾಮರೀನ್ ಇವು ಕರಗದ ಕಣಗಳಾದ್ದರಿಂದ ಹಾಕಿದ ಜಾಗದಲ್ಲೇ ಉಳಿಯುತ್ತವೆ. ಬಿಳುಪಿಗೆ ಟೈಟೇನಿಯಂ ಡೈಆಕ್ಸೈಡ್. ಪುಡಿಯನ್ನು ನೇರವಾಗಿ ಸುರಿಯದೆ, ಒಂದೆರಡು ಹನಿ ಆಲ್ಕೊಹಾಲಿನಲ್ಲಿ ಅಥವಾ ಗ್ಲಿಸರಿನ್ನಿನಲ್ಲಿ ಅರೆದು ಬೆರೆಸಿದರೆ ಗಂಟು ಕಟ್ಟುವುದಿಲ್ಲ. ಬಟಾಣಿ ಗಾತ್ರಕ್ಕಿಂತ ಕಡಿಮೆಯಿಂದ ಶುರುಮಾಡಿ. ಹೆಚ್ಚಾದರೆ ನೊರೆಯೇ ಬಣ್ಣವಾಗಿ ಬಂದು ಟವೆಲಿಗೆ ಹತ್ತುತ್ತದೆ.

ತಿಳಿ ಬೇಸಿಗೆ ಮೈಕಾ ಹಾಕಿದಾಗ ಪುಡಿಯೆಲ್ಲ ತಳಕ್ಕಿಳಿಯುತ್ತದೆ ಎಂಬ ದೂರು ಸಾಮಾನ್ಯ. ಬಿಸಿ ಇದ್ದಾಗ ಬೇಸ್ ತೆಳು, ಕಣಗಳನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕಿರುವುದಿಲ್ಲ. ಪಾತ್ರೆಯಲ್ಲೇ ಮೆಲ್ಲಗೆ ಕಲಕುತ್ತಾ ಇರಿ, 50ರ ಹತ್ತಿರಕ್ಕೆ ಬಂದು ಸ್ವಲ್ಪ ದಪ್ಪವಾದಾಗ ಸುರಿಯಿರಿ. ಮಿನುಗು ಎಲ್ಲೆಡೆ ಹರಡಿ ನಿಲ್ಲುತ್ತದೆ.

ಕರಕುಶಲದ ಅಂಗಡಿಯಲ್ಲಿ ಸಿಗುವ ಮಿನುಗು ಚೂರುಗಳನ್ನು, ಅಂದರೆ ಗ್ಲಿಟರನ್ನು, ಸಾಬೂನಿಗೆ ಹಾಕಬೇಡಿ. ಹೆಚ್ಚಿನವು ಪ್ಲಾಸ್ಟಿಕ್, ಅಂಚು ಚೂಪು. ಕಣ್ಣಿಗೆ ಹೋದರೆ ಗೀಚುತ್ತವೆ, ಮೋರಿಯ ಮೂಲಕ ಹೊಳೆ ಕೆರೆ ಸೇರುತ್ತವೆ. ಹೊಳಪು ಬೇಕೆಂದರೆ, ಸೌಂದರ್ಯ ಪ್ರಸಾಧನಕ್ಕೆಂದೇ ಮಾಡಿದ ಬಂಗಾರ ಬಣ್ಣದ ಮೈಕಾವನ್ನು ಒಣ ಕುಂಚದಿಂದ ನಕ್ಷತ್ರದ ಅಂಚಿಗೆ ಸವರಿ. ಕೆತ್ತನೆಯಿರುವ ಅಚ್ಚಾದರೆ ಇನ್ನೂ ಸೊಗಸು. ಬೆರಳಿಗೆ ಒಂದಿಷ್ಟು ಮೈಕಾ ಹಚ್ಚಿಕೊಂಡು ಉಬ್ಬಿದ ಗೆರೆಗಳ ಮೇಲಷ್ಟೇ ಒಮ್ಮೆ ಎಳೆದರೆ ತಗ್ಗುಗಳೆಲ್ಲ ಬಿಳಿಯಾಗಿಯೇ ಉಳಿದು ಚಿತ್ತಾರ ಮೇಲೆದ್ದು ಬರುತ್ತದೆ.

ಗಾಣದೆಣ್ಣೆಯವರ ವಿಧಾನ ಹಿಡಿಯುವವರಿಗೂ ಎರಡು ಮಾತು. ಹಸಿ ಸಾಬೂನಿನ ಕ್ಷಾರಕ್ಕೆ ಎಲ್ಲ ಬಣ್ಣವೂ ತಡೆಯುವುದಿಲ್ಲ. ಪ್ರಷ್ಯನ್ ನೀಲಿ ಕಂದಾಗುತ್ತದೆ, ಬೀಟ್‌ರೂಟಿನ ಕೆಂಪು ಉಳಿಯುವುದಿಲ್ಲ. ಮಂಜಿಷ್ಠದ ಬೇರು ಗುಲಾಬಿಯಿಂದ ಇಟ್ಟಿಗೆ ಕೆಂಪಿನವರೆಗೆ ಕೊಡುತ್ತದೆ, ನೀಲಿ ಗಿಡದ ನೀಲಿ ನಿಲ್ಲುತ್ತದೆ, ಇದ್ದಿಲಿನ ಕಪ್ಪು ಜಪ್ಪಯ್ಯ ಎಂದರೂ ಹೋಗದು. ಅರಿಶಿನದ ಹಳದಿ, ಸ್ಪಿರುಲಿನಾದ ಹಸಿರು ಬೆಳಕಿಗೆ ಮಾಸುತ್ತವೆ, ಕತ್ತಲಲ್ಲಿ ಇಡಬೇಕು.

ಮತ್ತೆ ನಿಮ್ಮ ಗುಲಾಬಿ ದಳ. ದಯವಿಟ್ಟು ಕೈಬಿಡಿ. ಕ್ಷಾರ ಮತ್ತು ತೇವ ತಾಗಿದ ದಳ ಕಂದಾಗುತ್ತದೆ, ಲ್ಯಾವೆಂಡರ್ ಮೊಗ್ಗೂ ಹಾಗೆಯೇ. ಬಳಸುವಾಗ ದಳಗಳು ಉದುರಿ ಬಚ್ಚಲಿನ ತೂತಿಗೆ ಅಡ್ಡ ಕೂರುತ್ತವೆ. ತೇವದಲ್ಲೇ ಉಳಿದ ದಳಕ್ಕೆ ಬೂಸ್ಟೂ ಬರಬಹುದು.

ಹೂಬುಟ್ಟಿ:
ನಾನು ಒಪ್ಪುವುದಿಲ್ಲ. ಉಡುಗೊರೆ ಬಿಚ್ಚಿದಾಗ ಮೊದಲು ಮಾತಾಡುವುದು ಹೂವು. ದಳವಿಟ್ಟ ಸಾಬೂನನ್ನು ಕೈಗೆ ತೆಗೆದುಕೊಂಡವರ ಮುಖ ಅರಳುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ಆ ಸಂತೋಷಕ್ಕೂ ಬೆಲೆ ಇದೆ. ಎಲ್ಲವನ್ನೂ ಬಚ್ಚಲಿನ ತೂತಿನ ಕಡೆಯಿಂದಲೇ ನೋಡಿದರೆ ಅಲಂಕಾರವೇ ಬೇಡವಾಗುತ್ತದೆ. ಚೆಂಡು ಹೂವಿನ ಜಾತಿಗೆ ಹತ್ತಿರದ ಕ್ಯಾಲೆಂಡುಲಾ ಇದೆಯಲ್ಲ, ಅದರ ಹಳದಿ ದಳ ಸಾಬೂನಿನಲ್ಲೂ ಬಣ್ಣ ಕಳೆದುಕೊಳ್ಳುವುದಿಲ್ಲ. ಹೂವೇ ಬೇಡ ಎನ್ನುವ ಬದಲು ಸರಿಯಾದ ಹೂವನ್ನು ಆಯಿರಿ ಎನ್ನಬಹುದಿತ್ತು.

ಬಣ್ಣದ ಬಟ್ಟಲು:
ಕ್ಯಾಲೆಂಡುಲಾದ ಮಾತು ನಿಜ, ಅದನ್ನು ನಾನು ಹೇಳಬೇಕಿತ್ತು. ಆದರೆ ಕೇಳಿದವರ ಷರತ್ತು ಏನೆಂದು ನೋಡಿ, ಕೊನೆಯ ಚೂರಿನವರೆಗೂ ಬಳಸಬೇಕು ಎಂದಿದ್ದಾರೆ. ದಳಗಳಿರುವ ಸಾಬೂನನ್ನು ಜನ ಕಪಾಟಿನಲ್ಲೇ ಇಡುವುದು ಹೆಚ್ಚು. ಹಾಳಾಗುತ್ತದಲ್ಲ ಎಂದು ಮುಟ್ಟುವುದಕ್ಕೇ ಹಿಂಜರಿಯುತ್ತಾರೆ.

ಅಚ್ಚುಮನೆ:
ಇಬ್ಬರ ಮಾತಿನಲ್ಲೂ ಹುರುಳಿದೆ, ನಡುದಾರಿಯೂ ಇದೆ. ದಳಗಳನ್ನು ಸಾಬೂನಿಗೆ ಅಂಟಿಸದೆ ಹೊರಗಿನ ಹೊದಿಕೆಯಲ್ಲಿ ಇಡಿ. ಬಿಲ್ಲೆಯನ್ನು ಕ್ಲಿಂಗ್ ಫಿಲ್ಮಿನಲ್ಲಿ ಸುತ್ತಿ, ಅದರ ಮೇಲೆ ಚೆನ್ನಾಗಿ ಒಣಗಿದ ದಳಗಳನ್ನು ಹರಡಿ ತೆಳು ಕಾಗದದಲ್ಲಿ ಕಟ್ಟಿದರೆ ಬಿಚ್ಚುವಾಗ ಹೂವೂ ಸಿಗುತ್ತದೆ, ಬಚ್ಚಲಿಗೆ ಬರೀ ಸಾಬೂನು ಹೋಗುತ್ತದೆ. ಸಾಬೂನಿನ ಮೇಲೇ ಹೂವು ಬೇಕೆಂದರೆ ಹೂವಿನ ಅಚ್ಚಿನಲ್ಲಿ ಮಾಡಿ. ಬಿಳಿ ಬೇಸಿಗೆ ಒಂದು ಕಣದಷ್ಟು ಗುಲಾಬಿ ಮೈಕಾ ಸೇರಿಸಿ ಮಾಡಿದ ಚಿಕ್ಕ ಹೂವನ್ನು ತಿಳಿ ಬಿಲ್ಲೆಯೊಳಗೆ ಕೂರಿಸಿದರೆ, ನಕ್ಷತ್ರಕ್ಕೆ ಹೇಳಿದ ಕ್ರಮವೇ ಸಾಕು. ಸವೆಯುತ್ತಾ ಹೋದಂತೆ ಹೂವು ಹೊರಗೆ ಬರುತ್ತದೆ, ಅದೂ ಸಾಬೂನೇ ಆದ್ದರಿಂದ ನೊರೆಯಾಗುತ್ತದೆ.

ಹೂಬುಟ್ಟಿ:
ಹೊದಿಕೆಯಲ್ಲಿ ದಳ ಎಂಬುದು ನನಗೂ ಇಷ್ಟವಾಯಿತು. ನನ್ನ ಮುಂದಿನ ಕಟ್ಟುಗಳಿಗೆ ಹಾಗೆಯೇ ಮಾಡುತ್ತೇನೆ.

ಪರಿಮಳದ ಪೆಟ್ಟಿಗೆ:
ಬಣ್ಣಕ್ಕಿಂತ ಹೆಚ್ಚು ಜನ ಎಡವುವುದು ಪರಿಮಳದಲ್ಲಿ, ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ. ಹಬ್ಬ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ದಾಲ್ಚಿನ್ನಿ, ಲವಂಗ, ವೆನಿಲ್ಲಾ. ಈ ಮೂರಕ್ಕೂ ಅವುಗಳದೇ ಸ್ವಭಾವ ಇದೆ.

ದಾಲ್ಚಿನ್ನಿ ತೊಗಟೆಯ ಎಣ್ಣೆ ಮತ್ತು ಲವಂಗದ ಎಣ್ಣೆ ಚರ್ಮವನ್ನು ಕೆರಳಿಸುವಂಥವು. ಹನಿಗಟ್ಟಲೆ ಸುರಿದರೆ ಸ್ನಾನ ಮಾಡಿದವರಿಗೆ ಉರಿ, ತುರಿಕೆ, ಕೆಂಪು ಗುರುತು. ಎಣ್ಣೆ ಮಾರುವವರು ಚರ್ಮದ ಮೇಲಿನ ಬಳಕೆಗೆ ಎಷ್ಟು ಪ್ರಮಾಣ ಮೀರಬಾರದೆಂದು ಕೊಡುತ್ತಾರೆ, ಅಂತರರಾಷ್ಟ್ರೀಯ ಸುಗಂಧ ಸಂಘದ ಮಿತಿಗಳ ಆಧಾರದಲ್ಲಿ. ಅದನ್ನು ಕೇಳಿ ಪಡೆದು, ಅದರ ಒಳಗೇ ಇರಿ. ಆ ವಿವರ ಕೊಡದ ಮಾರಾಟಗಾರರ ಎಣ್ಣೆಯನ್ನು ನಾನು ಸಾಬೂನಿಗೆ ಮುಟ್ಟುವುದಿಲ್ಲ. ದೀಪಕ್ಕೆ, ಮೇಣಕ್ಕೆ, ಕೋಣೆಯ ಗಾಳಿಗೆಂದು ಮಾರುವ ಪರಿಮಳವೂ ಚರ್ಮಕ್ಕೆ ಅಲ್ಲ. ಕೋಲ್ಡ್ ಪ್ರೋಸೆಸ್ ಮಾಡುವವರಿಗೆ ಲವಂಗದಲ್ಲಿರುವ ಯೂಜೆನಾಲ್ ಮತ್ತೊಂದು ತೊಡಕು ತರುತ್ತದೆ. ಅದು ಬಿದ್ದ ಕೂಡಲೇ ಸಾಬೂನು ಗಟ್ಟಿಯಾಗತೊಡಗಿ ಪಾತ್ರೆಯಲ್ಲೇ ನಿಂತುಬಿಡಬಹುದು, ಪದರ ಚಿತ್ತಾರಗಳಿಗೆ ಸಮಯವೇ ಸಿಗುವುದಿಲ್ಲ.

ವೆನಿಲ್ಲಾ ಪರಿಮಳದಲ್ಲಿರುವ ವೆನಿಲಿನ್ ಸಾಬೂನನ್ನು ಕಂದು ಮಾಡುತ್ತದೆ. ಮೊದಲ ದಿನ ಏನೂ ಕಾಣುವುದಿಲ್ಲ. ದಿನಗಳು ಕಳೆದಂತೆ ಬಿಳಿ ಬಿಲ್ಲೆ ಕೆನೆ ಬಣ್ಣಕ್ಕೆ, ಅಲ್ಲಿಂದ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ನಿಮ್ಮ ಬಿಳಿ ನಕ್ಷತ್ರಕ್ಕೆ ವೆನಿಲ್ಲಾ ಹಾಕಲೇಬೇಡಿ. ವೆನಿಲ್ಲಾ ಬೇಕೇ ಬೇಕೆಂದರೆ ಕಂದು ಬಣ್ಣ ಶೋಭಿಸುವ ಆಕಾರಕ್ಕೆ ಹಾಕಿ, ಒಣ ಎಲೆ ಅಥವಾ ಮರದ ತೊಗಟೆಯ ಅಚ್ಚು ಇದ್ದರೆ ಆ ಬಣ್ಣ ತಾನಾಗಿ ಒಪ್ಪುತ್ತದೆ.

ಪ್ರಮಾಣದ ಲೆಕ್ಕ ಹೀಗೆ. ಬೇಸಿಗೆ ನೂರಕ್ಕೆ ಒಂದರಿಂದ ಎರಡು ಭಾಗ ಸಾಕು, ಮೂರನ್ನು ದಾಟಬಾರದು. 500 ಗ್ರಾಂ ಬೇಸಿಗೆ 5ರಿಂದ 10 ಗ್ರಾಂ. ಆದರೆ ಮೇಲೆ ಹೇಳಿದ ಖಾರದ ಎಣ್ಣೆಗಳ ಮಿತಿ ಇದಕ್ಕಿಂತ ಬಹಳ ಕಡಿಮೆ, ಅವಕ್ಕೆ ಈ ಲೆಕ್ಕ ಅನ್ವಯಿಸಬೇಡಿ. ಬೇಸ್ 60ಕ್ಕಿಂತ ಕೆಳಗಿಳಿದ ಮೇಲೆ ಬೆರೆಸಿ. ಕುದಿಯುವಷ್ಟು ಬಿಸಿಯಲ್ಲಿ ಹಾಕಿದರೆ ಪರಿಮಳದ ಮೇಲ್ಪದರವೆಲ್ಲ ಆವಿಯಾಗಿ ಹೋಗುತ್ತದೆ. ಚಿಕ್ಕ ಮಕ್ಕಳಿಗೆಂದು ಕೊಡುವ ಬಿಲ್ಲೆಗೆ ಪರಿಮಳವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೂಬುಟ್ಟಿ:
ಒಂದು ಸೇರ್ಪಡೆ. ಕೇಕಿನ ತುಂಡು, ಮಿಠಾಯಿ, ಹಣ್ಣಿನ ಆಕಾರದ ಸಾಬೂನು ಈಗ ಎಲ್ಲೆಡೆ ಕಾಣುತ್ತದೆ. ತಿಳಿನೊರೆಯವರು ಅದನ್ನೂ ಪ್ರಯತ್ನಿಸಬಹುದು. ಬೇಸನ್ನು ಕಡೆದು, ಪೈಪಿಂಗ್ ಚೀಲದಲ್ಲಿ ತುಂಬಿ ಕೆನೆಯ ಹೂವು ಬಿಡಬಹುದು, ನೋಡಿದವರಿಗೆ ನಿಜವಾದ ಕೇಕೇ ಅನ್ನಿಸುತ್ತದೆ.

ಗಾಣದೆಣ್ಣೆ:
ನಿಜವಾದ ಕೇಕ್ ಅನ್ನಿಸುವುದೇ ನನಗೆ ಭಯ. ಮಕ್ಕಳಿರುವ ಮನೆಗೆ, ಮರೆವು ಇರುವ ಹಿರಿಯರಿರುವ ಮನೆಗೆ ತಿನಿಸಿನಂತೆ ಕಾಣುವ, ತಿನಿಸಿನಂತೆ ಪರಿಮಳ ಬೀರುವ ಸಾಬೂನನ್ನು ಕೊಡಲೇಬಾರದು. ಬಾಯಿಗಿಟ್ಟ ಮೇಲೆ ಗೊತ್ತಾಗಿ ಏನು ಪ್ರಯೋಜನ? ಹಬ್ಬದ ದಿನ ತಟ್ಟೆಗಳ ತುಂಬ ತಿನಿಸಿರುವಾಗ ಮಗು ಅದನ್ನೂ ತಿನ್ನುವ ವಸ್ತುವೆಂದೇ ಎತ್ತಿಕೊಳ್ಳುತ್ತದೆ. ಕೆನೆಯ ಹೂವು ಬಿಡುವ ಕೈಚಳಕ ನಿಜಕ್ಕೂ ದೊಡ್ಡದು, ಅದನ್ನು ಎಲೆಗೆ, ಹಕ್ಕಿಗೆ, ಬಳ್ಳಿಗೆ ಬಳಸಿ.

ರಸಾಯನ ಮೇಷ್ಟ್ರು:
ಗಾಣದೆಣ್ಣೆಯವರ ಮಾತಿಗೆ ನನ್ನ ಪೂರ್ಣ ಬೆಂಬಲ. ಇನ್ನೊಂದು: ಬೇಸಿಗೆ ಹಸಿ ಹಾಲು, ಹಣ್ಣಿನ ತಿರುಳು, ಲೋಳೆಸರದ ತಾಜಾ ಲೋಳೆ ಇವನ್ನು ಸೇರಿಸಿ ಎಂದು ಹಲವರು ಹೇಳುತ್ತಾರೆ. ಬೇಡ. ಸಾಬೂನಾಗುವ ಕ್ರಿಯೆ ಮುಗಿದ ಬೇಸಿನಲ್ಲಿ ಅವು ಹಸಿಯಾಗಿಯೇ ಉಳಿದು ಕೊಳೆಯುತ್ತವೆ. ಉಡುಗೊರೆ ತಿಂಗಳುಗಟ್ಟಲೆ ಯಾರದೋ ಕಪಾಟಿನಲ್ಲಿ ಇರುವಂಥದ್ದು.

ತಿಳಿನೊರೆ:
ಕಟ್ಟುವುದು ಹೇಗೆ, ಯಾವಾಗ ಮಾಡಬೇಕು ಎಂಬುದನ್ನೂ ತಿಳಿಸಿದರೆ ನನ್ನ ಪಟ್ಟಿ ಪೂರ್ತಿಯಾಗುತ್ತದೆ.

ಅಚ್ಚುಮನೆ:
ಬೇಸಿನ ಸಾಬೂನಿಗೆ ಕ್ಯೂರಿಂಗ್, ಅಂದರೆ ವಾರಗಟ್ಟಲೆ ಆರಲು ಬಿಡುವುದು, ಬೇಕಿಲ್ಲ. ಹಬ್ಬಕ್ಕೆ ಎರಡು ಮೂರು ವಾರ ಮುಂಚೆ ಮಾಡಿದರೆ ಸಾಕು, ಬಣ್ಣ ತಿರುಗುವುದಿದ್ದರೆ ಆ ಅವಧಿಯಲ್ಲೇ ಗೊತ್ತಾಗುತ್ತದೆ. ಅದಕ್ಕೂ ಮುಂಚೆ, ಈಗಲೇ, ನೀವು ಆಯ್ದ ಬಣ್ಣ ಮತ್ತು ಪರಿಮಳದಲ್ಲಿ ಒಂದೇ ಒಂದು ಬಿಲ್ಲೆ ಮಾಡಿ ಕಿಟಕಿಯ ಬಳಿ ಇಟ್ಟು ನೋಡಿ.

ಅಚ್ಚಿನಿಂದ ಬಿಡಿಸಿದ ದಿನವೇ ಕ್ಲಿಂಗ್ ಫಿಲ್ಮಿನಲ್ಲಿ ಸುತ್ತಬೇಕು. ಬಿಲ್ಲೆಯನ್ನು ಬೋರಲು ಹಾಕಿ, ಫಿಲ್ಮನ್ನು ಮುಂಭಾಗಕ್ಕೆ ಬಿಗಿಯಾಗಿ ಎಳೆದು, ಹಿಂಭಾಗದಲ್ಲಿ ಮಡಿಕೆಗಳನ್ನೆಲ್ಲ ಸೇರಿಸಿ, ಹೆಚ್ಚಿದ್ದನ್ನು ಕತ್ತರಿಸಿ ಅಲ್ಲೊಂದು ಚೀಟಿ ಅಂಟಿಸಿ. ಮುಂಭಾಗದಲ್ಲಿ ಒಂದೂ ಸುಕ್ಕಿರಬಾರದು. ಹೇರ್ ಡ್ರೈಯರಿನ ಬಿಸಿಗಾಳಿಯನ್ನು ದೂರದಿಂದ ಒಂದು ಕ್ಷಣ ಹಾಯಿಸಿದರೆ ಫಿಲ್ಮ್ ಇನ್ನಷ್ಟು ಬಿಗಿಯುತ್ತದೆ. ಚೀಟಿಯ ಮೇಲೆ ಏನೇನು ಹಾಕಿದ್ದೀರಿ, ಎಂದು ಮಾಡಿದ್ದು ಎಂದು ಬರೆಯಿರಿ. ಕೆಲವರಿಗೆ ಒಂದೊಂದು ಎಣ್ಣೆ ಒಗ್ಗುವುದಿಲ್ಲ, ಅವರಿಗೆ ಗೊತ್ತಾಗಬೇಕು. ನೀರು ಬಸಿಯುವ ತಟ್ಟೆಯಲ್ಲಿ ಇಡಿ ಎಂಬ ಒಂದು ಸಾಲೂ ಇರಲಿ. ಗ್ಲಿಸರಿನ್ ಹೆಚ್ಚಿರುವ ಬಿಲ್ಲೆ ನಿಂತ ನೀರಿನಲ್ಲಿ ಬೇಗ ಮೆತ್ತಗಾಗುತ್ತದೆ. ಕೋಲ್ಡ್ ಪ್ರೋಸೆಸ್ ಸಾಬೂನಿಗೆ ಮಾತ್ರ ಫಿಲ್ಮ್ ಬೇಡ, ಅದಕ್ಕೆ ಗಾಳಿ ಬೇಕು. ಸುತ್ತಲೂ ಒಂದು ಕಾಗದದ ಪಟ್ಟಿ ಸಾಕು.

ತಿಳಿನೊರೆ:
ನಿಮ್ಮೆಲ್ಲರ ಮಾತು ಕೇಳಿ ಇಂದು ಮಾದರಿ ಬಿಲ್ಲೆಗಳನ್ನು ಮಾಡಿದೆ. ನಕ್ಷತ್ರದ್ದು ಬಹಳ ಚೆನ್ನಾಗಿ ಬಂದಿದೆ. ಐದು ತುದಿಗಳೂ ಚೂಪಾಗಿಯೇ ಇವೆ, ಬೆಳಕಿಗೆ ಹಿಡಿದರೆ ಅದರ ನೆರಳು ಬಿಲ್ಲೆಯ ತಳದಲ್ಲಿ ಕಾಣುತ್ತದೆ. ಮಗಳು ಅಂಚಿಗೆ ಬಂಗಾರದ ಮೈಕಾ ಸವರಿದಳು. ಪದರದ ಬಿಲ್ಲೆಯನ್ನು ಚಾಕುವಿನಿಂದ ಕತ್ತರಿಸಿದೆ. ಕೆಂಪು ಮತ್ತು ಬಿಳಿ ಗಟ್ಟಿಯಾಗಿ ಹಿಡಿದಿವೆ, ಆದರೆ ಮೇಲಿನ ಹಸಿರು ಪದರ ಚಾಕು ಒತ್ತಿದಾಗ ಒಂದು ಮೂಲೆಯಲ್ಲಿ ಎದ್ದಿತು. ಅಲ್ಲಿ ಒಂದು ತೆಳು ಬಿರುಕು ಕಾಣುತ್ತಿದೆ. ಬಿಸಿ ನೋಡಿಯೇ ಸುರಿದಿದ್ದೆ, 50 ಇತ್ತು. ಎದ್ದಿರುವ ಈ ಪದರವನ್ನು ಸರಿಮಾಡಬಹುದೇ, ಇಲ್ಲವೇ ಕರಗಿಸಿ ಮತ್ತೆ ಸುರಿಯಲೇ?

ಅಚ್ಚುಮನೆ:
ಒಂದು ಮೂಲೆಯಲ್ಲಿ ಮಾತ್ರ ಎದ್ದಿದೆ ಎಂದರೆ ಆಲ್ಕೊಹಾಲ್ ಆ ಮೂಲೆಗೆ ತಲುಪಿರಲಿಕ್ಕಿಲ್ಲ. ಅಚ್ಚಿನ ಅಂಚು ಬೇಗ ತಣಿಯುತ್ತದೆ, ಚಿಮುಕಿಸುವಾಗ ಮೂಲೆಗಳನ್ನು ಮೊದಲು ನೋಡಿಕೊಳ್ಳಬೇಕು. ಹಸಿರು ಪದರವನ್ನು ಪೂರ್ತಿ ಎತ್ತಿ, ಕೆಳಗಿನ ಬಿಳಿಯ ಮೇಲೆ ಫೋರ್ಕಿನಿಂದ ಗೀರಿ, ಆಲ್ಕೊಹಾಲ್ ಚಿಮುಕಿಸಿ. ಸ್ವಲ್ಪ ತಿಳಿ ಬೇಸ್ ಕರಗಿಸಿ ತೆಳ್ಳಗೆ ಹರಡಿ, ಬಿಸಿ ಆರುವ ಮೊದಲೇ ಹಸಿರನ್ನು ಕೂರಿಸಿ ಒತ್ತಿಹಿಡಿಯಿರಿ. ಅಂಚಿನಲ್ಲಿ ಉಕ್ಕಿ ಬಂದದ್ದನ್ನು ಗಟ್ಟಿಯಾದ ಮೇಲೆ ಚಾಕುವಿನಿಂದ ಹೆರೆಯಿರಿ. ಕರಗಿಸಿ ಮತ್ತೆ ಸುರಿದರೆ ಮೂರು ಬಣ್ಣ ಬೆರೆತು ಕಂದಾಗುತ್ತದೆ, ಆ ದಾರಿ ಬೇಡ.

ಬಣ್ಣದ ಬಟ್ಟಲು:
ಹಾಗೆಯೇ, ಕತ್ತರಿಸಿದಾಗ ಉಳಿದ ಕೆಂಪು, ಹಸಿರು ಚೂರುಗಳನ್ನು ಎಸೆಯಬೇಡಿ. ತರಕಾರಿ ಹೆರೆಯುವ ಪೀಲರಿನಿಂದ ಸುರುಳಿ ಸುರುಳಿಯಾಗಿ ಹೆರೆದು, ಅಚ್ಚಿಗೆ ಸಡಿಲವಾಗಿ ತುಂಬಿ, ಆಲ್ಕೊಹಾಲ್ ಚಿಮುಕಿಸಿ, ಮೇಲೆ 50 ಡಿಗ್ರಿಯ ತಿಳಿ ಬೇಸ್ ಸುರಿಯಿರಿ. ಸುರುಳಿಗಳು ತೆಳುವಾದ್ದರಿಂದ ಅದಕ್ಕಿಂತ ಬಿಸಿ ತಡೆಯುವುದಿಲ್ಲ. ಮಗಳಿಗೆ ಕೊಡಲು ಈ ಕೆಲಸ ಬಹಳ ಒಳ್ಳೆಯದು, ಸುರಿಯುವುದೊಂದನ್ನು ನೀವು ಮಾಡಿ.